ತೊಳೆಯದ ಬೆನ್ನು

"ಎಳೀಬೇಡ ಸೆವ್ಗುಲ್, ಬಿಡು. ಸ್ವಲ್ಪ ಸ್ವಲ್ಪಾನೇ ಬಿಡು."

ನಾನು ಹೇಳಿ ಮುಗಿಸುವಷ್ಟರಲ್ಲಿ ಅವಳು ಸರಪಳಿಯನ್ನು ಎರಡು ಮೊಳ ಬಿಟ್ಟಾಗಿತ್ತು. ಟ್ರಾಮ್ ಓಡಿಸುವವಳ ಕೈ, ನಿಧಾನ ಎನ್ನುವುದು ಅದಕ್ಕೆ ಒಗ್ಗುವುದಿಲ್ಲ. ಮುಚ್ಚಿದ ಗಣಿಯ ಸ್ನಾನದ ಹಜಾರ ಅದು, ಮೇಲೆ ಮಾಡಿನ ಕತ್ತಲಲ್ಲಿ ರಾಟೆ ಕಿರ್ರೆಂದಿತು. ಧೂಳು ನಮ್ಮಿಬ್ಬರ ತಲೆಗೂ ಸುರಿಯಿತು.

ಸರಪಳಿಯ ಬೀಗ ತೆರೆದದ್ದು ಅವಳ ತಾಯಿ ಮುನೆವ್ವರಕ್ಕನ ಹತ್ತಿರವಿದ್ದ ಜೋಡಿ ಕೀಲಿಯಿಂದ. ಐವತ್ತು ವರ್ಷದ ಹಿಂದೆ, ತುರ್ಕಿಯಿಂದ ಇಲ್ಲಿಗೆ ದುಡಿಯಲು ಬಂದಿದ್ದ ಗಂಡ ನೆಜ್ಮಿ ಗಣಿಗೆ ಹೋದವನು ಮನೆಗೆ ಬಾರದಿದ್ದ ಮೇಲೂ ಆಕೆ ಆ ಕೀಲಿಯನ್ನು ಅಡಿಗೆಮನೆಯ ಮೊಳೆಯಿಂದ ತೆಗೆದಿರಲಿಲ್ಲ. ಎಣ್ಣೆ ಬಿಟ್ಟರೂ ಬೀಗ ಜಪ್ಪಯ್ಯ ಎಂದರೂ ಬಿಡದಿದ್ದಾಗ ಸೆವ್ಗುಲ್ ಸಿಟ್ಟಿನಿಂದ ಪಕ್ಕದ ನೀರಿನ ಕೊಳವೆಗೆ ಪಾನಾದಿಂದ ನಾಲ್ಕು ಬಡಿದಿದ್ದಳು. ನಾನು ಅವಳನ್ನು ಗದರಿಬಿಟ್ಟೆ. ಕೊಳವೆ ಬಡಿಯುವ ಸದ್ದು ನನಗೆ ಆಗುವುದಿಲ್ಲ. ನಮ್ಮ ಮನೆಯಲ್ಲಿ ಬೆಳೆದದ್ದೇ ಹಾಗೆ. ಮಕ್ಕಳು ಯಾರಾದರೂ ಚಮಚದಿಂದ ಹೀಟರಿನ ಕೊಳವೆ ತಟ್ಟಿದರೆ ಅಪ್ಪ ತಟ್ಟೆ ಬಿಟ್ಟು ಎದ್ದು ಹೋಗುತ್ತಿದ್ದರು, ಅಮ್ಮ ನಮಗೆ ಎರಡು ಬಿಗಿಯುತ್ತಿದ್ದಳು. ಗಣಿಯವರ ನರ, ಏನು ಮಾಡುವುದು ಎಂದುಕೊಂಡು ಸುಮ್ಮನಿರುತ್ತಿದ್ದೆವು.

ಕೊಕ್ಕೆ ಕೆಳಗಿಳಿದು ನನ್ನ ಎದೆಯ ಮಟ್ಟಕ್ಕೆ ಬಂದು ನಿಂತಿತು.

ಒಂದು ಕಂದು ಕೋಟು. ಅದರೊಳಗೆ ಬಿಳಿಯ ಅಂಗಿ, ಈಗ ಹಳದಿ. ಗೆರೆ ಬೀಳುವಂತೆ ಇಸ್ತ್ರಿ ಮಾಡಿದ್ದ ಪ್ಯಾಂಟು. ಲಾಡಿ ಲಾಡಿಗೆ ಗಂಟು ಹಾಕಿ ತೂಗಿಬಿಟ್ಟಿದ್ದ ಕರಿ ಷೂ ಜೋಡಿ.

ಸೆವ್ಗುಲ್ ಸರಪಳಿಯನ್ನು ಬಿಡಲೂ ಇಲ್ಲ, ಕಟ್ಟಲೂ ಇಲ್ಲ.

ಓಡೀಲಿಯಾ ಗಣಿಯಲ್ಲಿ ಬಟ್ಟೆಗೆ ಕಪಾಟು ಇರಲಿಲ್ಲ. ಬಂದವನು ಊರ ಬಟ್ಟೆ ಬಿಚ್ಚಿ ಕೊಕ್ಕೆಗೆ ಸಿಕ್ಕಿಸಿ, ಸರಪಳಿ ಎಳೆದು ಮಾಡಿಗೇರಿಸಿ, ಬೀಗ ಜಡಿದು, ಕೀಲಿಯನ್ನು ದಾರಕ್ಕೆ ಕಟ್ಟಿ ಕತ್ತಿಗೆ ಹಾಕಿಕೊಂಡು ಕೆಳಗಿಳಿಯುತ್ತಿದ್ದ. ಪಾಳಿ ಮುಗಿಸಿ ಮೇಲೆ ಬಂದು, ಮಿಂದು, ಅದೇ ಬಟ್ಟೆ ತೊಟ್ಟು ಮನೆಗೆ. ಬಟ್ಟೆ ಮೇಲಿದೆ ಎಂದರೆ ಆಳು ಕೆಳಗಿದ್ದಾನೆ. ನಮ್ಮ ಕಾಲೊನಿಯ ಕೂಸುಕುನ್ನಿಗೂ ಗೊತ್ತಿದ್ದ ಮಾತು ಇದು.

ನೆಜ್ಮಿ ಕಾಣೆಯಾದ ಮರುವರ್ಷವೇ ಗಣಿ ಮುಚ್ಚಿತು. ಒಂದು ಕೊಕ್ಕೆ ಇನ್ನೂ ಬೀಗದಲ್ಲಿದೆ ಎಂದು ತಲೆಯೆತ್ತಿ ನೋಡುವ ಗೋಜಿಗೆ ಯಾರೂ ಹೋಗಲಿಲ್ಲ.

"ಬತ್ತಲೆ ಹಾಲೆಂಡಿಗೆ ಹೋದ್ನಾ ಇರ್ಮಕ್ಕ, ನಮ್ಮಪ್ಪ?" ಎಂದಳು ಸೆವ್ಗುಲ್.

ಹಾಗೆಂದೇ ಕಾಲೊನಿ ಐವತ್ತು ವರ್ಷ ಆಡಿಕೊಂಡಿತ್ತು. ನೆಜ್ಮಿ ಹೆಂಡತಿ ಮಗುವನ್ನು ಬಿಟ್ಟು ಯಾವಳೋ ಒಬ್ಬಳ ಜೊತೆ ಗಡಿಯಾಚೆಯ ಹಾಲೆಂಡಿಗೆ ಓಡಿಹೋದ ಎಂದು. ಸಾಕ್ಷಿಯೂ ಇತ್ತಲ್ಲ. ಇಳಿಯುವಾಗ ಕಿಟಕಿಯಲ್ಲಿ ಪಡೆದ ಹಿತ್ತಾಳೆ ಬಿಲ್ಲೆಯನ್ನು ಮೇಲೆ ಬಂದವನು ಹಿಂತಿರುಗಿಸಬೇಕು. ನೆಜ್ಮಿಯ ಬಿಲ್ಲೆ ಅವತ್ತು ಮರಳಿ ತನ್ನ ಮೊಳೆಗೆ ಬಂದಿತ್ತು. ಅದರ ಮೇಲೆ ಎಗೊನ್ ವ್ರೋಬೆಲ್‌ನ ಬಾಯಿಮಾತು. ಎಗೊನ್ ಎಂದರೆ ನೆಜ್ಮಿಯ ಬೆನ್ನಿನ ಜೋಡಿ. ಗಣಿಯ ಮಸಿ ಬೆನ್ನಿಗೆ ಕೂತರೆ ತಾನೇ ಉಜ್ಜಿಕೊಳ್ಳಲು ಆಗುವುದಿಲ್ಲ, ಹಾಗಾಗಿ ಪ್ರತಿಯೊಬ್ಬನಿಗೂ ಸ್ನಾನದಲ್ಲಿ ಒಬ್ಬ ಜೋಡಿ ಇರುತ್ತಿದ್ದ. ನೀನು ನನ್ನದು ಉಜ್ಜು, ನಾನು ನಿನ್ನದು. ಹೆಂಡತಿಯನ್ನಾದರೂ ಬಿಟ್ಟಾರು, ಬೆನ್ನಿನ ಜೋಡಿಯನ್ನು ಬಿಡರು ಎಂದು ನಮ್ಮಲ್ಲಿ ತಮಾಷೆ ಮಾಡುತ್ತಿದ್ದರು.

ಸೆವ್ಗುಲ್ ಕೋಟಿನ ಜೇಬಿಗೆ ಕೈ ಹಾಕಿದಳು. ಒಂದು ಜೊತೆ ಕೆಂಪು ಉಣ್ಣೆ ಕೈಗವುಸು ಹೊರಬಂತು. ನಾಲ್ಕು ವರ್ಷದ ಮಗುವಿಗೆ ಆಗುವಂಥದ್ದು, ಅಂಗಡಿಯ ಚೀಟಿ ಇನ್ನೂ ದಾರದಲ್ಲೇ ಇತ್ತು. ಅವಳು ಎರಡು ಬೆರಳನ್ನು ಅದರೊಳಗೆ ತೂರಿಸಿ ನೋಡಿದಳು. ಅಪ್ಪ ಹೋದಾಗ ಅವಳಿಗೆ ನಾಲ್ಕು ವರ್ಷ. ನಾನು ಅತ್ತುಬಿಟ್ಟೆ. ಅವಳು ಅಳಲಿಲ್ಲ, ಬಟ್ಟೆಯನ್ನೆಲ್ಲ ಚೀಲಕ್ಕೆ ತುಂಬಿ, "ನಡಿ" ಎಂದಳು.

ನಡೆಯಲೇಬೇಕಿತ್ತು. ನಮಗಿದ್ದದ್ದು ಇವತ್ತೊಂದೇ ದಿನ.

ನಾಳೆ ಬೆಳಿಗ್ಗೆ ಸರಪಳಿ ಕತ್ತರಿಸುವವರು ಬರುತ್ತಾರೆ. ಈ ಸ್ನಾನದ ಹಜಾರ ದುಬಾರಿ ಫ್ಲಾಟುಗಳಾಗುತ್ತದಂತೆ. ಬಾಗಿಲಲ್ಲಿ ಮಾತ್ರ ಹಳಬರ ನೆನಪಿಗೆಂದು ಒಂದು ಗೋಡೆ. ಗುಂಡಿ ಒತ್ತಿದರೆ ಗಣಿಯವರ ಧ್ವನಿ ಕೇಳುತ್ತದೆ. ಆ ಧ್ವನಿಗಳನ್ನು ಹಿಡಿದವಳು ನಾನೇ. ಕಾಲೊನಿಯ ಮೂಲೆಯ ಚಿಕ್ಕ ಅಂಗಡಿ ನನ್ನದು. ಪೇಪರು, ಕಾಫಿ, ಬಿಯರು, ಚಾಡಿ ಎಲ್ಲವೂ ಅಲ್ಲೇ ಸಿಗುವುದರಿಂದ ರೆಕಾರ್ಡರನ್ನು ನನ್ನ ಕೈಗೇ ಕೊಟ್ಟಿದ್ದರು. ಅದರಲ್ಲಿ ಮೊದಲನೇ ಧ್ವನಿ ಎಗೊನ್‌ನದು. ನೆಜ್ಮಿಯ ಗೆಳೆತನ, ಅವನು ಬಿಟ್ಟುಹೋದದ್ದು, ಎಲ್ಲವನ್ನೂ ಕೇಳಿದವರ ಕಣ್ಣಲ್ಲಿ ನೀರು ಬರುವ ಹಾಗೆ ಹೇಳಿದ್ದಾನೆ. ನಾಳೆ ಬಿಲ್ಡರ್‌ನವರು ಅದನ್ನು ಒಯ್ದರೆ ಮುಗಿಯಿತು. ಎಲ್ಲೆಲ್ಲಿಂದಲೋ ಬಂದವರೂ ಗುಂಡಿ ಒತ್ತಿ, ಮುನೆವ್ವರಕ್ಕನ ಗಂಡ ಓಡಿಹೋದ ಎಂದು ಕೇಳಿಸಿಕೊಳ್ಳುತ್ತಾರೆ. ಗಂಡ ಬಿಟ್ಟವಳು ಎನ್ನುವ ಹೆಸರು ಹೊತ್ತು ಒಂದು ಮದುವೆಗೂ ಹೋಗದೆ ಮುದುಕಿಯಾದ ಹೆಂಗಸು ಆಕೆ. ಆ ಹೆಸರು ಇನ್ನು ಗೋಡೆಯಲ್ಲೇ ಕೂರುತ್ತದೆ.

ಅಂಗಡಿಯವರೆಗಿನ ದಾರಿ ಚಿಕ್ಕದು. ಆದರೂ ನಾನು ಎರಡು ಸಲ ನಿಂತೆ. ಎಗೊನ್ ಮಾಮ ಹೊರಗಿನವನಲ್ಲ. ನನ್ನಪ್ಪನ ಹೆಣಕ್ಕೆ ಹೆಗಲು ಕೊಟ್ಟವನು. ಅಂಗಡಿಯ ಕದ ಮುರಿದಾಗಲೆಲ್ಲ ಸರಿಮಾಡಿಕೊಟ್ಟು ಒಂದು ಕಾಫಿಗೆ ಹೆಚ್ಚು ತೆಗೆದುಕೊಳ್ಳದವನು. ನನ್ನ ಲೆಕ್ಕ ತಪ್ಪಿದರೆ ಕಾಲೊನಿ ನನ್ನ ಮುಖಕ್ಕೆ ಉಗಿಯುತ್ತದೆ, ಉಗಿಯಲಿ. ಲೆಕ್ಕ ಸರಿಯಾಗಿದ್ದರೆ ಏನು ಮಾಡುವುದು ಎಂಬುದೇ ನನಗೆ ತೋಚುತ್ತಿರಲಿಲ್ಲ.

ಎಗೊನ್ ಆಗಲೇ ಬಂದು ಅಂಗಡಿಯೊಳಗೆ ಕಿಟಕಿಯ ಪಕ್ಕದ ಸ್ಟೂಲಿನಲ್ಲಿ ಕೂತಿದ್ದ. ಚಳಿಗೆ ಟೊಪ್ಪಿಯನ್ನು ಕಿವಿಯವರೆಗೆ ಎಳೆದುಕೊಂಡಿದ್ದ. ಅಂಗಡಿಯನ್ನು ಮುನೆವ್ವರಕ್ಕನಿಗೆ ಒಪ್ಪಿಸಿ ಹೋಗಿದ್ದೆ. ಆಕೆ ಅವನಿಗೆ ಕಾಫಿ ಕೊಟ್ಟು, ಒಳಕೋಣೆಗೆ ಹೋಗಿ ಹೀಟರಿಗೆ ಕಾಲು ಕಾಯಿಸಿಕೊಳ್ಳುತ್ತ ಕೂತಿದ್ದಳು. ನಾನು ಸೆವ್ಗುಲ್‌ಗೆ ಹಿತ್ತಲ ಬಾಗಿಲಿನಿಂದ ಒಳಗೆ ಹೋಗು ಎಂದು ಸನ್ನೆ ಮಾಡಿದೆ.

ಎಗೊನ್ ಎಂದಿನಂತೆ ಕಪ್ಪನ್ನು ಗೋಡೆಯ ಮೇಲಿನ ಅಪ್ಪನ ಫೋಟೋಗೆ ಎತ್ತಿ ತೋರಿಸಿ ಒಂದು ಗುಟುಕು ಕುಡಿದ. ಫೋಟೋದಲ್ಲಿ ಅಪ್ಪನ ಕೈಯಲ್ಲಿ ಕರಣೆ ಇದೆ. ಗಣಿಯೊಳಗೆ ಗಾರೆ ಕೆಲಸ ಅವರದು.

"ಎಲ್ಲಿಗ್ ಹೋಗಿದ್ದೆ ಬೆಳಿಗ್ಗೆ ಬೆಳಿಗ್ಗೆ? ತಲೆ ತುಂಬಾ ಧೂಳು," ಎಂದ.

ನಿನ್ನ ಧ್ವನಿ ನಾಳೆ ಹೋಗುತ್ತೆ, ಒಂದು ಸಲ ಕೇಳಿಬಿಡು, ತಿದ್ದುವುದಿದ್ದರೆ ಈಗಲೇ ತಿದ್ದೋಣ ಎಂದೆ. ಹಳೆಯದನ್ನು ಹಾಕಲು ಮನೆಯ ಟೇಪು ಇತ್ತು. ರೆಕಾರ್ಡರನ್ನೂ ಅದರ ಪಕ್ಕದಲ್ಲಿಟ್ಟು ಚಾಲೂ ಮಾಡಿದೆ. ಅದರ ಕೆಂಪು ದೀಪ ಹತ್ತಿದ್ದನ್ನು ಅವನು ನೋಡಿದ. ಅದು ಅವನಿಗೆ ರೂಢಿಯಾಗಿಹೋಗಿತ್ತು.

ಟೇಪಿನಿಂದ ಅವನದೇ ಧ್ವನಿ ಬಂತು.

"ನಮ್ಮ ಗಣಿಯವರ ಬಾರ್ಬರಾ ಹಬ್ಬದ ಹಿಂದಿನ ದಿನ. ನಾನು ಅವನ ಬೆನ್ನು ಉಜ್ದೆ, ಅವನು ನನ್ನ ಬೆನ್ನು ಉಜ್ದ. 'ಎಗೊನ್, ನಾನಿನ್ನು ಬರೋದಿಲ್ಲ' ಅಂದ. ಕೋಟು ಹಾಕ್ಕೊಂಡ, ಹೊರಟುಹೋದ."

"ಯಾವ ಕೋಟು ಮಾಮ?"

"ಅದೇ, ಕಂದು ಬಣ್ಣದ್ದು. ಅವನಿಗೆ ಇದ್ದದ್ದೇ ಒಂದು ಕೋಟು."

ತಿದ್ದುವುದೇನಾದರೂ ಇದೆಯಾ ಎಂದು ಕೇಳಿದೆ. ಇಲ್ಲ ಎಂದ. ಇನ್ನೊಂದು ಧ್ವನಿ ಇದೆ, ಅದನ್ನೂ ಕೇಳು ಎಂದೆ. ಅದು ಅವನಕ್ಕ ಟ್ರೂಡೆಯದು. ಹೋದ ವಸಂತದಲ್ಲಿ ತೀರಿಕೊಂಡಳು ಪಾಪ. ಮದುವೆಗೆ ಮುಂಚೆ ಎಗೊನ್ ಅವಳ ಮನೆಯಲ್ಲೇ ಇದ್ದ. ಸಾಯುವ ಮುಂಚೆ ಅವಳು ಹೇಳಿದ್ದರಲ್ಲಿ ಅರ್ಧಕ್ಕರ್ಧ ಅಡಿಗೆ, ಅರ್ಧ ಬೈಗುಳ. ನಾನು ಆಗ ನಕ್ಕು ಮರೆತಿದ್ದೆ. ನಿನ್ನೆ ಮಧ್ಯಾಹ್ನ ಮತ್ತೆ ಕೇಳಿದಾಗ ಕಾಫಿ ಲೋಟ ಕೈಯಲ್ಲೇ ಉಳಿಯಿತು. ಬೆಳಿಗ್ಗೆ ಕೊಕ್ಕೆ ಇಳಿಸಲು ಹೋದದ್ದು ಅದಕ್ಕೇ.

ಸತ್ತ ಅಕ್ಕನ ಧ್ವನಿ ಕೇಳಿ ಎಗೊನ್‌ನ ಮುಖ ಮೊದಲು ಅರಳಿತು.

"ಬಾರ್ಬರಾ ಹಬ್ಬಕ್ಕೆ ನೆಂಟರು ಬರ್ತಾರೆ ಅಂತ ಹೊಸಾ ಹಾಸು ಹಾಸಿದ್ದೆ ಕಣೇ ಇರ್ಮಿ. ಅದೇ ವರ್ಷ, ಆ ತುರ್ಕಿಯವನು ಓಡಿಹೋದ್ನಲ್ಲ, ಆ ವರ್ಷ. ನಮ್ಮ ಎಗೊನ್ ಹಿಂದಿನ ದಿನ ಸಂಜೆ ಬಂದವನೇ ಮಾತಿಲ್ಲ ಕತೆಯಿಲ್ಲ, ಬಿದ್ಕೊಂಡ. ಬೆಳಿಗ್ಗೆ ನೋಡ್ತೀನಿ, ಹಾಸಿನ ಮೇಲೆ ಇವನ ಬೆನ್ನಿನ ಅಚ್ಚು! ಮುಖ ಬೆಳ್ಳಗೆ, ಕೈ ಬೆಳ್ಳಗೆ, ಬೆನ್ನು ಮಾತ್ರ ಇದ್ದಲು. ಅಡಿಗೆಮನೇಲಿ ನಿಲ್ಲಿಸ್ಕೊಂಡು ಬ್ರಷ್ ತಗೊಂಡು ಉಜ್ದೆ. ನಿನ್ನ ಜೋಡಿ ಎಲ್ಲಿ ಸತ್ತಿದ್ನೋ ಅಂತ ಬೈದೆ ನೋಡು."

ಟೇಪಿನಲ್ಲಿ ಟ್ರೂಡೆ ಬಿದ್ದು ಬಿದ್ದು ನಗುತ್ತಿದ್ದಳು. ನಾನು ಅದನ್ನು ನಿಲ್ಲಿಸಿದೆ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಎಗೊನ್‌ನ ಬಲಗೈ ತಾನಾಗಿಯೇ ಎಡ ಹೆಗಲಿನ ಹಿಂದಕ್ಕೆ ಹೋಗಿತ್ತು. ಹೋದದ್ದು ಅವನಿಗೇ ಗೊತ್ತಿರಲಿಲ್ಲ.

ಅವತ್ತು ಹಬ್ಬದ ಅವಸರವಿತ್ತು, ಸರಿಯಾಗಿ ಉಜ್ಜಲಿಲ್ಲವೇನೋ, ಐವತ್ತು ವರ್ಷದ ಮಾತು, ಅಕ್ಕನಿಗೆ ಕೊನೆಗೆ ಅರಳುಮರಳಾಗಿತ್ತು ಎಂದೆಲ್ಲ ಹೇಳಿದ. ಹೇಳುತ್ತ ಹೇಳುತ್ತ ಅವನ ಧ್ವನಿ ಇಳಿಯುತ್ತ ಹೋಯಿತು. ನನಗೆ ಅವನು ಇನ್ನೂ ಚೆನ್ನಾಗಿ ಸುಳ್ಳು ಹೇಳಲಿ ಅನ್ನಿಸುತ್ತಿತ್ತು. ನಿಜವಾಗಿಯೂ ಅನ್ನಿಸುತ್ತಿತ್ತು.

ಅಷ್ಟರಲ್ಲಿ ಸೆವ್ಗುಲ್ ಒಳಗಿನಿಂದ ಬಂದು ಕೋಟನ್ನು ಅವನ ಕಾಫಿಯ ಪಕ್ಕದಲ್ಲಿ ಹಾಸಿದಳು. ಅದರ ಮೇಲೆ ಷೂ. ಷೂವಿನ ಮೇಲೆ ಆ ಕೆಂಪು ಕೈಗವುಸು.

ಎಗೊನ್ ಟೊಪ್ಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ.

"ಬೀಗ ಒಡೆಯೋಣ ಅಂತಲೇ ಹೋಗಿದ್ದೆ," ಎಂದ. "ಹಜಾರದ ತುಂಬಾ ಜನ. ಎಲ್ಲರೂ ಹಬ್ಬದ ಖುಷೀಲಿ ಹಾಡ್ತಾ ಇದ್ರು. ಕೀಲಿ ಅವನ ಕತ್ತಲ್ಲಿತ್ತು."

"ಬಿಲ್ಲೆ?"

"ಬಿಲ್ಲೆ ನಾನೇ ಕೊಟ್ಟೆ. ಕೆಳಗೆ ಶೆಕೆ ಅಲ್ವಾ, ಕೆಲಸದ ಜಾಕೆಟ್ಟು ಬಿಚ್ಚಿ ಈಚೆ ಕಂಬಕ್ಕೆ ನೇತುಹಾಕಿದ್ದ. ಬಿಲ್ಲೆ ಅದರ ಜೇಬಲ್ಲಿತ್ತು."

ಉಳಿದದ್ದನ್ನು ಅವನು ಕೋಟಿಗೇ ಹೇಳುವಂತೆ ತಲೆ ತಗ್ಗಿಸಿ ಹೇಳಿದ. ಕಲ್ಲಿದ್ದಲು ತೆಗೆಯಕೂಡದು ಎಂದು ಮುಚ್ಚಿಸಿದ್ದ ಒಂದು ಸುರಂಗದ ಓಣಿಯಲ್ಲಿ ಮೇಸ್ತ್ರಿ ಅವರಿಬ್ಬರನ್ನು ಕದ್ದು ಕೆಲಸಕ್ಕೆ ಇಳಿಸಿದ್ದ. ಮೇಲ್ಭಾಗ ಕುಸಿಯಿತು. ನೆಜ್ಮಿ ಆಚೆ ಉಳಿದ, ಎಗೊನ್ ಈಚೆ. ಓಡಿಬಂದ ಮೇಸ್ತ್ರಿ, ಅವನು ಸತ್ತಿದ್ದಾನೆ, ತೋಡಿದರೆ ನೀನೂ ಸಾಯುತ್ತೀಯ, ಸುದ್ದಿ ಹೊರಗೆ ಹೋದರೆ ತಪಾಸಣೆಯವರು ಬಂದು ನಾಳೆಯೇ ಗಣಿ ಮುಚ್ಚುತ್ತಾರೆ, ಕಾಲೊನಿಯ ಒಂದು ಮನೆಯಲ್ಲೂ ಒಲೆ ಉರಿಯುವುದಿಲ್ಲ ಎಂದ. ಆ ಮೇಸ್ತ್ರಿಯೂ ಸತ್ತು ಎಷ್ಟೋ ವರ್ಷವಾಯಿತು. ಹಾಲೆಂಡಿನ ಹೆಂಗಸಿನ ಕತೆ ಕಟ್ಟಿದ್ದು ಅವನೇ. ಬೆನ್ನು ಉಜ್ಜಿದ ಕತೆಯನ್ನು ತಾನು ಸೇರಿಸಿದ್ದು ಎಂದ ಎಗೊನ್. ಜೋಡಿಯ ಮಾತನ್ನು ಯಾರೂ ಅನುಮಾನಿಸುವುದಿಲ್ಲವಲ್ಲ.

"ಅಷ್ಟು ಮಾಡಿನೂ ಮುಂದಿನ ವರ್ಷ ಮುಚ್ಚೇಬಿಟ್ರು," ಎಂದ. "ಯಾತಕ್ಕೂ ಬರಲಿಲ್ಲ."

ಸೆವ್ಗುಲ್ ಏನೋ ಹೇಳಲು ಬಾಯಿ ತೆರೆದಳು. ಅವಳ ಹಿಂದಿನಿಂದ ಒಂದು ಕೈ ಬಂದು ಅವಳ ತೋಳು ಹಿಡಿಯಿತು.

ಮುನೆವ್ವರಕ್ಕ ಒಳಕೋಣೆಯ ಬಾಗಿಲಲ್ಲಿ ನಿಂತಿದ್ದಳು. ಯಾವಾಗಿನಿಂದ ನಿಂತಿದ್ದಳೋ. ಕಾಲಲ್ಲಿ ಬರೀ ಕಾಲುಚೀಲ, ತಲೆಯ ವಸ್ತ್ರ ಒಂದು ಪಕ್ಕಕ್ಕೆ ಜಾರಿತ್ತು. ಆಕೆ ಕೋಟನ್ನು ಮುಟ್ಟಲಿಲ್ಲ. ಎಗೊನ್‌ನ ಎದುರಿಗೆ ಬಂದು ನಿಂತಳು.

"ಸತ್ತಿದ್ನಾ?"

"ಮೇಸ್ತ್ರಿ ಹಾಗಂದ."

"ಮೇಸ್ತ್ರಿ ಏನಂದ ಅಂತ ನಾನು ಕೇಳ್ಲಿಲ್ಲ ಎಗೊನ್."

ಅವನು ಕಾಫಿಯ ಚಮಚವನ್ನು ಕೈಗೆ ತೆಗೆದುಕೊಂಡ. ಕಿಟಕಿಯ ಕೆಳಗೆ ಹಾದುಹೋಗುವ ಹೀಟರಿನ ಕೊಳವೆಗೆ ಬಗ್ಗಿ ಮೆಲ್ಲಗೆ ಬಡಿದ. ಟಣ್, ಟಣ್, ಟಣ್. ನಿಲ್ಲಿಸಿದ. ಮತ್ತೆ, ಟಣ್, ಟಣ್, ಟಣ್.

ನಿಲ್ಲಿಸು ಎಂದು ಕೂಗುವ ಹಾಗಾಯಿತು ನನಗೆ.

"ಗಾಳಿ ಕೊಳವೆ ಆಚೆವರೆಗೂ ಹೋಗಿತ್ತು," ಎಂದ ಎಗೊನ್. "ಮಾರನೇ ದಿನ ಹಬ್ಬದ ರಜೆ. ಕೆಳಗೆ ಯಾರೂ ಇರಲಿಲ್ಲ. ಆ ಓಣಿಗೆ ಗೋಡೆ ಎತ್ತಿಬಿಡಿ ಅಂತ ಮೇಸ್ತ್ರಿ ನಮ್ಮಿಬ್ಬರನ್ನ ಇಳಿಸಿದ. ನಾನು ಗಾರೆ ಕಲಸಿ ಕಲಸಿ ಕೊಟ್ಟೆ. ಆಗ ಆಚೆಯಿಂದ ಕೇಳ್ತು."

"ಎಲ್ಲೀವರೆಗೂ?" ಎಂದಳು ಮುನೆವ್ವರಕ್ಕ.

"ಕೊನೇ ಇಟ್ಟಿಗೆ ಇಡೋವರೆಗೂ."

"ಆಮೇಲೆ?"

"ಆಮೇಲೆ ನಮಗೆ ಕೇಳಿಸಲಿಲ್ಲ."

ಮುನೆವ್ವರಕ್ಕ ಸ್ಟೂಲಿನ ಅಂಚನ್ನು ಹಿಡಿದುಕೊಂಡಳು. ಕೂರಲಿಲ್ಲ. ಅವನು ನನ್ನನ್ನು ಬಿಟ್ಟುಹೋಗಲಿಲ್ಲ ಎಂದು ತನಗೆ ತಾನೇ ಹೇಳಿಕೊಂಡಳು, ಮೊದಲು ತನ್ನ ಭಾಷೆಯಲ್ಲಿ, ಆಮೇಲೆ ನಮ್ಮದರಲ್ಲಿ. ಸೆವ್ಗುಲ್ ಆಗ ಅತ್ತಳು. ದೊಡ್ಡ ಹೆಂಗಸು, ಮಗುವಿನಂತೆ ಮೂಗು ಒರೆಸಿಕೊಂಡು ಅತ್ತಳು.

ತಾಯಿ ಮಾತ್ರ ಎಗೊನ್‌ನ ಮೇಲಿಂದ ಕಣ್ಣು ಕೀಳಲಿಲ್ಲ.

"ನಮ್ಮಿಬ್ಬರನ್ನ ಅಂದೆ. ಗೋಡೆ ಕಟ್ಟಿದವನು ಯಾರು? ಅವನಿಗೂ ಕೇಳ್ತಿತ್ತಾ?"

"ಕೇಳ್ತಿತ್ತು. ಮೊದಲು ಕರಣೆ ಕೆಳಗಿಟ್ಟು ಕಿವಿ ಮುಚ್ಕೊಂಡು ಕೂತ. ಮೇಸ್ತ್ರಿ ಅವನ ಮಕ್ಕಳ ಹೆಸರು ಹಿಡಿದು ಹೇಳಿದ. ಆಮೇಲೆ ಎದ್ದು ಕಟ್ಟಿದ."

"ಹೆಸರು ಹೇಳು."

ಎಗೊನ್ ಹೇಳಲಿಲ್ಲ. ದಿನಾ ಬೆಳಿಗ್ಗೆ ಗೋಡೆಯ ಕಡೆ ಕಪ್ಪೆತ್ತುವ ಮನುಷ್ಯ, ಈಗ ಆ ಕಡೆ ತಿರುಗಲೇ ಇಲ್ಲ. ನನ್ನ ಕಡೆಗೂ ತಿರುಗಲಿಲ್ಲ.

ಅವನು ಹೇಳಬೇಕಾಗಿಯೂ ಇರಲಿಲ್ಲ. ಆ ವರ್ಷದ ಬಾರ್ಬರಾ ಮೆರವಣಿಗೆಯಲ್ಲಿ ನಾನು ಅಮ್ಮನ ಕೈ ಹಿಡಿದು ನಡೆದದ್ದು ನೆನಪಾಯಿತು. ಅಪ್ಪ ಎಲ್ಲಿ ಎಂದು ಕೇಳಿದರೆ ತುರ್ತು ಕೆಲಸ, ಇಳಿದಿದ್ದಾರೆ ಎಂದಿದ್ದಳು. ಅದಾದ ಮೇಲೆಯೇ ಅಲ್ಲವೇ, ನಮ್ಮ ಮನೆಯಲ್ಲಿ ಯಾರೂ ಕೊಳವೆ ಬಡಿಯಕೂಡದು ಎಂದಾದದ್ದು? ಅರ್ಧ ಉಂಡ ತಟ್ಟೆ ಬಿಟ್ಟು, ಮುಖ ಆಚೆ ತಿರುಗಿಸಿಕೊಂಡು ಎದ್ದು ಹೋಗುತ್ತಿದ್ದ ಅಪ್ಪ ಕಣ್ಣ ಮುಂದೆ ಬಂದರು. ನರ ಎಂದುಕೊಂಡಿದ್ದೆವು.

ಕೆಂಪು ದೀಪ ಇನ್ನೂ ಉರಿಯುತ್ತಿತ್ತು. ನಾಳೆ ಬೆಳಿಗ್ಗೆ ಇದನ್ನೇ ಬಿಲ್ಡರ್‌ನವರಿಗೆ ಕೊಡಬೇಕು. ಹೆಸರು ಅದರಲ್ಲಿ ಇನ್ನೂ ಬಂದಿಲ್ಲ. ಈಗ ನಿಲ್ಲಿಸಿಬಿಟ್ಟರೆ ನೆಜ್ಮಿಯ ಮಾನ ಉಳಿಯುತ್ತದೆ, ಮುನೆವ್ವರಕ್ಕನ ಮಾನ ಉಳಿಯುತ್ತದೆ, ಅಪ್ಪನದೂ ಉಳಿಯುತ್ತದೆ. ಇಷ್ಟೂ ನನ್ನ ತಲೆಯಲ್ಲಿ ಓಡಿತು. ಅಂಥದ್ದು ನನ್ನ ತಲೆಯಲ್ಲಿ ಓಡಬಹುದು ಎಂದು ಬೆಳಿಗ್ಗೆ ಯಾರಾದರೂ ಹೇಳಿದ್ದರೆ ಅವರ ಕೆನ್ನೆಗೆ ಬಾರಿಸುತ್ತಿದ್ದೆ.

ಮುನೆವ್ವರಕ್ಕ ಮೆಲ್ಲಗೆ ತಲೆಯೆತ್ತಿದಳು. ಮೊದಲು ಗೋಡೆಯ ಮೇಲಿನ ಫೋಟೋ ನೋಡಿದಳು, ಆಮೇಲೆ ಫೋಟೋದಲ್ಲಿನ ಕರಣೆ. ಆಮೇಲೆ ರೆಕಾರ್ಡರಿನ ಮೇಲಿದ್ದ ನನ್ನ ಕೈ. ಬೆರಳು ಆಗಲೇ ನಿಲ್ಲಿಸುವ ಗುಂಡಿಯ ಮೇಲೆ ಕೂತಿತ್ತು, ಯಾವಾಗ ಹೋಗಿ ಕೂತಿತೋ ನನಗೆ ತಿಳಿಯದು.

"ಇರ್ಮಿ," ಎಂದಳು. "ಕೈ ತೆಗಿ."